ಪಂಚಮಿ ಯಾರದು?

"ನಮ್ಮ ಹಿರೇಕೋಟೆಗೆ ಮಾಘ ಶುದ್ಧ ಪಂಚಮಿಯಂಥ ದಿನ ಇನ್ನೊಂದಿಲ್ಲ!" ಎಂದು ಹೊಗಳುಭಟ್ಟ ಸಭೆಯಲ್ಲಿ ದನಿ ಎತ್ತಿದ. "ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದ ಸೂಲಗಿತ್ತಿ ಈರಮ್ಮ ಹುಟ್ಟಿದ್ದು ಅಂದು. ಸೋಲೇ ಕಾಣದ ಜಟ್ಟಿ ಭರಮಣ್ಣ ಹುಟ್ಟಿದ್ದು ಅಂದು. ನಮ್ಮ ದೊರೆಗಳು ಹುಟ್ಟಿದ್ದೂ ಅಂದೇ!"

ಮೀಸೆ ತಿರುವುತ್ತಿದ್ದ ದೊರೆ ವೀರಭೂಪನ ಕೈ ಅಲ್ಲೇ ನಿಂತಿತು. ತನ್ನ ಹೆಸರು ಮೂರನೆಯದೇ?

"ಪಂಚಮಿ ನನ್ನದು! ಆ ದಿನ ಬೇರೆ ಯಾರೂ ಹುಟ್ಟಿರಕೂಡದು. ಅವರಿಬ್ಬರೂ ಇನ್ನೊಂದು ದಿನ ನೋಡಿಕೊಳ್ಳಲಿ. ಇಲ್ಲವೇ ಊರು ಬಿಡಲಿ!"

ಜಟ್ಟಿ ಭರಮಣ್ಣ ಓಡಿಬಂದು ಕೈಮುಗಿದ. "ಅಪ್ಪಣೆ ಪ್ರಭು. ಷಷ್ಠಿಗೆ ಹುಟ್ಟುತ್ತೇನೆ."

ಈರಮ್ಮ ಮಾತ್ರ ಜಗ್ಗಲಿಲ್ಲ. "ನಾ ಹುಟ್ಟಿದ್ದು ಪಂಚಮಿ ದಿನ. ನಮ್ಮವ್ವ ಸುಳ್ಳು ಹೇಳೋಳಲ್ಲ" ಎಂದು ಊರು ಬಿಡಲು ಬಟ್ಟೆಬರೆ ಗಂಟು ಕಟ್ಟತೊಡಗಿದಳು. ಪಕ್ಕದ ಮನೆಯ ತುಂಬುಗರ್ಭಿಣಿ ಅವಳ ಸೆರಗು ಹಿಡಿದು ಅತ್ತೇಬಿಟ್ಟಳು. ಆಕೆಯ ಗಂಡ ದಿಕ್ಕು ತೋಚದೆ ಆಸ್ಥಾನದ ಜಾಣ ಓಬಳಯ್ಯನ ಮನೆಗೆ ಓಡಿದ.

ಓಬಳಯ್ಯ ಬಂದವನೇ ಈರಮ್ಮನ ಹತ್ತಿರ ಕೂತು ಹಳೆಯದೆಲ್ಲ ಕೇಳಿ ತಿಳಿದುಕೊಂಡ. ಕೊನೆಗೆ ಹೊಟ್ಟೆ ಹಿಡಿದು ನಕ್ಕ. "ಗಂಟು ಬಿಚ್ಚು ತಾಯಿ. ನಾಳೆ ನನ್ನ ಜೊತೆ ಸಭೆಗೆ ಬಾ."

ಮರುದಿನ ಸಭೆಯಲ್ಲಿ ಓಬಳಯ್ಯ ಎದ್ದು ನಿಂತ. "ಪ್ರಭು, ಒಂದು ವ್ಯಾಜ್ಯ ಬಂದಿದೆ. ಒಬ್ಬ ಹೆಂಗಸು ತನ್ನ ಜಾಗದಲ್ಲಿ ತನ್ನ ಪಾಡಿಗೆ ಇದ್ದಳು. ಮೂವತ್ತು ವರ್ಷದ ಮೇಲೆ ಇನ್ನೊಬ್ಬ ಬಂದು ಅಲ್ಲೇ ಸೇರಿಕೊಂಡ. ಈಗ ಅವಳನ್ನೇ ಏಳು ಅನ್ನುತ್ತಿದ್ದಾನೆ."

"ಎಂಥ ಸೊಕ್ಕು! ಕೇಳಿಕೊಂಡು ಬಂದನೋ, ಹಾಗೇ ನುಗ್ಗಿದನೋ?"

"ಹಾಗೇ ಪ್ರಭು. ಮುಷ್ಟಿ ಬಿಗಿಹಿಡಿದು ಕಿರುಚಿಕೊಂಡು ಬಂದನಂತೆ."

"ಪುಂಡನೇ ಸರಿ!"

"ಹಿಡಿಯಹೋದರೆ ಆ ಹೆಂಗಸಿಗೇ ಒದ್ದನಂತೆ."

ದೊರೆ ಎದ್ದು ನಿಂತೇಬಿಟ್ಟ. "ಹೆಂಗಸಿಗೆ ಒದ್ದನೇ! ಜಾಗ ಅವಳದು. ಇದು ನನ್ನ ತೀರ್ಪು. ಎಲ್ಲಿದ್ದಾನೆ ಅವನು? ಎಳೆದು ತನ್ನಿ!"

"ಎಳೆಯುವುದು ಬೇಡ ಪ್ರಭು" ಎಂದ ಓಬಳಯ್ಯ ತಲೆ ಬಾಗಿಸಿ. "ಸಿಂಹಾಸನದ ಮುಂದೆಯೇ ನಿಂತಿದ್ದಾನೆ."

ಓಬಳಯ್ಯ ಈರಮ್ಮನನ್ನು ಮುಂದಕ್ಕೆ ಕರೆದ.

"ಆ ಹೆಂಗಸು ಇಗೋ, ಈರಮ್ಮ. ಜಾಗ ಅಂದರೆ ಪಂಚಮಿ. ಆಕೆ ಹುಟ್ಟಿ ಮೂವತ್ತು ವರ್ಷದ ಮೇಲೆ ಅದೇ ದಿನ ತಾವು ಬಂದಿರಿ. ಅರಮನೆಯ ಹೆರಿಗೆಕೋಣೆಯಲ್ಲಿ ತಮ್ಮನ್ನು ಮೊದಲು ಕೈಗೆತ್ತಿಕೊಂಡವಳೂ ಆಕೆಯೇ. ಒದೆ ತಿಂದವಳೂ ಆಕೆಯೇ."

ದೊರೆಯ ಮುಖ ಕೆಂಪಾಯಿತು. ಆಡಿದ ತೀರ್ಪನ್ನು ನುಂಗುವಂತಿರಲಿಲ್ಲ. "ಹಾಗಾದರೆ ನಾನೇ ಪಂಚಮಿ ಬಿಟ್ಟು ಹೋಗಬೇಕೇನು?"

"ಬೇಡ ಪ್ರಭು. ಆಕೆಯನ್ನು ನಿನ್ನೆಯೇ ಕೇಳಿದೆ. ತಾವು ಬಂದಾಗ ಮೈಮೇಲೆ ಒಂದು ಚೂರು ಬಟ್ಟೆಯೂ ಇರಲಿಲ್ಲವಂತೆ. 'ಪಾಪ, ಹಿಂಗಿರೋನ್ನ ಎಲ್ಲಿಗೆ ಕಳಿಸಲಿ, ಇಲ್ಲೇ ಇರಲಿ ಬಿಡು ಅಂದ್ಕೊಂಡೆ' ಅಂದಳು."

ಮೊದಲು ನಕ್ಕವನು ದೊರೆಯೇ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಕೆಳಗಿಳಿದು ಬಂದು, ತನ್ನ ಜರಿಶಾಲನ್ನು ಈರಮ್ಮನಿಗೆ ಹೊದಿಸಿದ.

"ಪಂಚಮಿ ನಿನ್ನದೇ ತಾಯಿ. ನನಗೂ ಒಂದು ಮೂಲೆ ಕೊಡು, ಸಾಕು."