ಮುಟ್ಲಾ ದಂಡೆ

ಕಾನಗೋಡಿನಲ್ಲಿ ಬಸ್ಸಿಳಿದು ಪಡುವಣಕ್ಕೆ ಅರ್ಧ ಗಂಟೆ ನಡೆದರೆ ಮೊದಲು ಗೇರುಗುಡ್ಡ ಸಿಗುತ್ತದೆ, ಆಮೇಲೆ ಕಾನು. ಕಾನಿನೊಳಗೆ ಹೊಕ್ಕವರಿಗೆ ಕಡಲು ಕೇಳಿಸುತ್ತದೆಯೇ ಹೊರತು ಕಾಣಿಸುವುದಿಲ್ಲ. ಸುರಹೊನ್ನೆ, ಮುರುಗಲು, ಕೇದಗೆಯ ಮುಳ್ಳುಪೊದೆ ಎಲ್ಲವೂ ಮರಳಿನ ಅಂಚಿನವರೆಗೆ ಬಂದು ನಿಂತಿವೆ. ಕೊನೆಯ ಹೊನ್ನೆಮರ ದಾಟಿದ ಕೂಡಲೇ ಬಿಳಿಮರಳು, ಅದರಾಚೆಗೆ ನೀರು. ಕಲ್ಲೆಸೆತದ ದೂರದಲ್ಲಿ ಅಡ್ಡಕ್ಕೆ ಒಂದು ಬಂಡೆಸಾಲು ಇರುವುದರಿಂದ ದೊಡ್ಡ ಅಲೆಗಳೆಲ್ಲ ಅಲ್ಲೇ ಒಡೆದುಹೋಗುತ್ತವೆ. ಒಳಗಿನ ನೀರು ಊರಕೆರೆಯಷ್ಟೇ ಸೌಮ್ಯ. ಈಜು ಬಾರದವರೂ ಧೈರ್ಯವಾಗಿ ಎದೆಮಟ್ಟಕ್ಕೆ ಇಳಿಯುತ್ತಾರೆ. ಅಂಗಡಿಗಳ ಗದ್ದಲವಿಲ್ಲ, ಒಂಟೆಯಿಲ್ಲ, ಕುದುರೆಯಿಲ್ಲ. ದಾರಿ ಶುರುವಾಗುವಲ್ಲಿ ಪಂಚಾಯಿತಿಯವರು ನೀಲಿ ಬಣ್ಣದ ಬೋರ್ಡು ನೆಟ್ಟು ‘ಬೆಳ್ಳಿ ತೀರ’ ಎಂದು ಬರೆಸಿದ್ದಾರೆ. ಹಳೆಯ ಹೆಸರು ಅಪಶಕುನದಂತೆ ಕೇಳಿಸುತ್ತದೆ, ಜನ ಬರುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನವಾಯಿತಂತೆ. ಊರವರಲ್ಲಿ ಒಬ್ಬರಾದರೂ ಅದನ್ನು ಬೆಳ್ಳಿ ತೀರ ಎಂದು ಕರೆದದ್ದನ್ನು ನಾನು ಕೇಳಿಲ್ಲ. ನಮಗೆಲ್ಲ ಅದು ಮುಟ್ಲಾ ದಂಡೆ. ‘ಮುಟ್ಲಾ’ ಎಂದರೆ ನಮ್ಮ ಕಡೆಯ ಆಡುಮಾತಿನಲ್ಲಿ ‘ಮುಟ್ಟಲೇ?’ ಎಂಬ ಪ್ರಶ್ನೆ. ಊರಿಗೆ, ಬೆಟ್ಟಕ್ಕೆ, ಹೊಳೆಗೆ ದೇವರ ಹೆಸರಿಡುತ್ತಾರೆ, ರಾಜರ ಹೆಸರಿಡುತ್ತಾರೆ. ನಮ್ಮ ದಂಡೆಗೆ ಮಾತ್ರ ಒಬ್ಬ ಹೆಂಗಸು ಕೇಳಿದ ಪ್ರಶ್ನೆಯೇ ಹೆಸರಾಗಿ ಉಳಿದಿದೆ.

ಈ ಹೆಸರಿನ ಕಥೆಯನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಒಡೆಯರ ಮನೆಯವರು ಹೇಳುವುದು ಒಂದು, ಸುಣ್ಣಗೂಡಿನ ಕೇರಿಯವರು ಹೇಳುವುದು ಇನ್ನೊಂದು. ಒಡೆಯರ ಮನೆಯ ಕಥೆಯಲ್ಲಿ ಗಂಗೆಯೇ ಕೈಚಾಚಿ ಒಂದು ಮಗುವನ್ನು ‘ಮುಟ್ಟಲೇ’ ಎಂದು ಕೇಳಿ ಕರೆದುಕೊಂಡು ಹೋಗುತ್ತಾಳೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಹೂವಿನ ಮಳೆ ಸಹ ಇದೆ. ನಾನು ಅದೇ ಒಡೆಯರ ಮನೆಯಲ್ಲಿ ಹುಟ್ಟಿದವನು. ಆ ಹೂವಿನ ಮಳೆಯನ್ನು ಮೂವತ್ತು ವರ್ಷ ನಂಬಿದ್ದೆ. ಆಮೇಲೆ ಕೇರಿಯ ಹಿರಿಯರ ಬಾಯಿಂದ ಎರಡನೆಯದನ್ನು ಕೇಳಿದೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಹಿಂದೆ ಒಮ್ಮೆ, ಘಟ್ಟದ ಮೇಲಿಂದ ಎತ್ತಿನ ಗಾಡಿಗಳೂ ಇಳಿಯದಿದ್ದ ಕಾಲದಲ್ಲಿ, ಈ ದಂಡೆಯ ಬಡಗಣ ತುದಿಯಲ್ಲಿ ಸುಣ್ಣ ಸುಡುವವರ ಏಳೆಂಟು ಬಿಡಾರಗಳಿದ್ದವು ಎನ್ನುತ್ತಾರೆ. ಬಂಡೆಸಾಲಿನ ಬುಡಕ್ಕೆ ಮುಳುಗಿ ಚಿಪ್ಪು ಆರಿಸಿ ತರುವುದು, ಅದನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ಅವರ ಕಸುಬು. ಹೆಂಗಸರೂ ಗಂಡಸರಷ್ಟೇ ಹೊತ್ತು ಉಸಿರು ಕಟ್ಟಿ ಮುಳುಗುತ್ತಿದ್ದರು. ಅವರಲ್ಲಿ ಮಂಕಾಳಿ ಎಂಬವಳಂತೂ ಮೂರು ಜನರ ಚಿಪ್ಪನ್ನು ಒಬ್ಬಳೇ ತರುವವಳು. ಅವಳು ಸುಟ್ಟ ಸುಣ್ಣದಿಂದ ಊರಿನ ಗುಡಿಗೋಡೆಗಳು ಬೆಳಗುತ್ತಿದ್ದವು. ಅದೇ ಸುಣ್ಣವನ್ನು ವೀಳ್ಯದೆಲೆಗೆ ಹಚ್ಚಿ ಬಾಯಿಗೆ ಹಾಕಿಕೊಳ್ಳಲು ಯಾವ ಮಡಿವಂತರಿಗೂ ಅಡ್ಡಿಯಿರಲಿಲ್ಲ. ಅವಳ ನೆರಳು ಅಂಗಳದ ಮೇಲೆ ಬಿದ್ದರೆ ಮಾತ್ರ ಸೆಗಣಿನೀರು ಚಿಮುಕಿಸುತ್ತಿದ್ದರು. ನಮ್ಮ ಹಿರಿಯರ ನಾಲಿಗೆಗೆ ಇಲ್ಲದ ಮಡಿ ಅಂಗಳಕ್ಕೆ ಇತ್ತು.

ಎಳ್ಳಮಾವಾಸ್ಯೆಯ ದಿನ ಸುತ್ತಲ ಹತ್ತೂರಿನವರು ಇಲ್ಲಿ ತೀರ್ಥಸ್ನಾನಕ್ಕೆ ಸೇರುತ್ತಿದ್ದರು. ನೀರು ಸೌಮ್ಯವೆಂದೆನಲ್ಲ, ಅದರಲ್ಲಿ ಒಂದು ಮೋಸವೂ ಇದೆ. ಬಂಡೆಸಾಲಿನ ನಡುವೆ ಒಂದು ಗಂಡಿಯಿದೆ. ಇಳಿತದ ಹೊತ್ತಿಗೆ ಒಳಗಿನ ನೀರೆಲ್ಲ ಆ ಗಂಡಿಯ ಮೂಲಕವೇ ಹೊರಗೆ ನುಗ್ಗುತ್ತದೆ. ಅದರ ಸೆಳೆತಕ್ಕೆ ಸಿಕ್ಕವರು ಕಣ್ಣೆದುರೇ ಬಂಡೆಯಾಚೆ ಹೋಗಿಬಿಡುತ್ತಾರೆ. ಆದ್ದರಿಂದ ಸುಣ್ಣದವರು ಆ ದಿನ ಕುತ್ತಿಗೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಸ್ನಾನದವರನ್ನು ಕಾಯಬೇಕಿತ್ತು. ಇದಕ್ಕೆ ‘ಗಡಿ ನಿಲ್ಲುವುದು’ ಎನ್ನುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬಿದಿರಿನ ಗಳ. ಯಾರಾದರೂ ಕಾಲು ತಪ್ಪಿದರೆ ಗಳ ಚಾಚಬೇಕು, ಅವರು ಹಿಡಿದುಕೊಳ್ಳಬೇಕು. ಕೈಯಿಂದ ಮುಟ್ಟುವಂತಿಲ್ಲ. ಮುಟ್ಟಿದರೆ ಮಿಂದವರ ಪುಣ್ಯವೆಲ್ಲ ನೀರುಪಾಲು. ಪ್ರಾಣ ಕಾಯಲು ಬೇಕಾದವರು, ಮುಟ್ಟಲು ಬೇಡವಾದವರು. ಇಂಥ ಏರ್ಪಾಟು ಮಾಡಿದವರಿಗೆ ನಗು ಬರಲಿಲ್ಲವಲ್ಲ ಎಂದು ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ.

ಆಗ ನಮ್ಮ ಮನೆಯ ಯಜಮಾನರು ಮಾಬಲಯ್ಯ ಎಂಬವರು. ಅವರ ತಾಯಿ ಹನ್ನೆರಡು ವರ್ಷದ ವ್ರತ ಹಿಡಿದಿದ್ದರು. ಕೊನೆಯ ವರ್ಷದ ಸ್ನಾನದಲ್ಲಿ ಆ ಮುದುಕಿ ತಲೆತಿರುಗಿ ಗಂಡಿಯ ಕಡೆ ತೇಲಿಹೋದರು. ಗಳ ಹಿಡಿಯುವ ಎಚ್ಚರ ಅವರಿಗಿರಲಿಲ್ಲ. ಮಂಕಾಳಿ ಗಳ ಬಿಸುಟು, ತಲೆಗೂದಲಿಗೆ ಕೈಹಾಕಿ ಎಳೆದು ತಂದಳು. ಎಚ್ಚರವಾದ ಮೇಲೆ ಮುದುಕಿ ಮಾಡಿದ ಮೊದಲ ಕೆಲಸವೆಂದರೆ ತನ್ನನ್ನು ಯಾರು ಮುಟ್ಟಿದರೆಂದು ವಿಚಾರಿಸಿ ಗೋಳಾಡಿದ್ದು. ಹನ್ನೆರಡು ವರ್ಷದ ವ್ರತ ಕೆಟ್ಟಿತು, ಪುಣ್ಯದ ನೀರಿನಲ್ಲಿ ಸಾಯುವ ಭಾಗ್ಯವೂ ತಪ್ಪಿತು ಎಂದು ಅನ್ನ ಬಿಟ್ಟು ಮಲಗಿದರು. ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರು. ಮಾಬಲಯ್ಯ ಮಂಕಾಳಿಯ ಸುಣ್ಣಗೂಡನ್ನು ಕೆಡವಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಕಾನಿನ ದೈವದ ಕಲ್ಲಿನ ಮುಂದೆ ಅವಳನ್ನು ನಿಲ್ಲಿಸಿ ಆಣೆ ಹಾಕಿಸಿದರು: ಇನ್ನು ಮುಂದೆ ಯಾರನ್ನೇ ಆಗಲಿ ಮುಟ್ಟುವ ಮುಂಚೆ ಅವರ ಮನೆಯ ಯಜಮಾನನನ್ನು ಕೇಳಬೇಕು, ಅವನು ‘ಮುಟ್ಟು’ ಎಂದರೆ ಮಾತ್ರ ಮುಟ್ಟಬೇಕು, ತಪ್ಪಿದರೆ ಅವಳ ಹೊಟ್ಟೆಯ ಕುಡಿ ಉಳಿಯಬಾರದು. ಮಂಕಾಳಿಗೆ ಆಗ ಎಂಟು ತಿಂಗಳ ಗಂಡುಕೂಸು. ಅದನ್ನು ಸೊಂಟದ ಮೇಲಿಟ್ಟುಕೊಂಡೇ ಅವಳು ಆಣೆ ಮಾಡಿದಳು ಎನ್ನುತ್ತಾರೆ.

ಅದಾಗಿ ಮೂರನೆಯ ಎಳ್ಳಮಾವಾಸ್ಯೆ. ಮಾಬಲಯ್ಯನವರಿಗೆ ಭಾಗೀರತಿ ಎಂಬ ಒಂಬತ್ತು ವರ್ಷದ ಮಗಳಿದ್ದಳು, ಒಬ್ಬಳೇ ಮಗಳು. ನೀರು ಕಂಡರೆ ಹಿಗ್ಗುವ ಹುಡುಗಿ. ಹೆಂಗಸರ ಗುಂಪಿನಲ್ಲಿ ಮುಳುಗು ಹಾಕುತ್ತ ಹಾಕುತ್ತ ಅವಳು ಸೆಳೆತಕ್ಕೆ ಸಿಕ್ಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಗಡಿಯಲ್ಲಿ ನಿಂತಿದ್ದ ಮಂಕಾಳಿಗೆ ಮಾತ್ರ ಗೊತ್ತಾಯಿತು. ಗಳ ಚಾಚಿದಳು. ಹುಡುಗಿ ಹಿಡಿದಳು ಕೂಡ. ಪಾಚಿ ಹತ್ತಿದ ಗಳ ಎಳೆಯ ಕೈಯಿಂದ ಜಾರಿತು. ಎರಡನೆಯ ಸಲವೂ ಜಾರಿತು. ಮಂಕಾಳಿ ಗಳ ಬಿಟ್ಟು ಈಜಿ ಹುಡುಗಿಯ ಪಕ್ಕಕ್ಕೇ ಹೋದಳು. ಕೈ ಚಾಚಿದರೆ ಜಡೆ ಸಿಗುವಷ್ಟು ಹತ್ತಿರ. ಅಲ್ಲಿಂದ ದಡದ ಕಡೆ ತಿರುಗಿ ಕೂಗಿದಳು:

“ಒಡ್ಯಾ, ಮುಟ್ಲಾ?”

ಮಾಬಲಯ್ಯ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ತಾಯಿಗೆ ತರ್ಪಣ ಕೊಡುತ್ತಿದ್ದರು. ಮೂರು ಬೊಗಸೆ ಎಳ್ಳುನೀರು ಬಿಟ್ಟು ಮುಗಿಯುವವರೆಗೆ ಮಾತಾಡಬಾರದೆಂಬುದು ನಮ್ಮ ಮನೆಯ ಪದ್ಧತಿ; ನಡುವೆ ಮಾತಾಡಿದರೆ ಕೊಟ್ಟದ್ದು ಸತ್ತವರಿಗೆ ಸಲ್ಲುವುದಿಲ್ಲ. ಎರಡು ಬೊಗಸೆ ಆಗಿತ್ತು. ಮೂರನೆಯದು ಕೈಯಲ್ಲಿತ್ತು. ಕೇರಿಯ ಈ ಕಥೆ ಎತ್ತಿದರೆ, ಕೂಗು ಅವರಿಗೆ ಕೇಳಿಸಲಿಲ್ಲವೆಂದು ನಮ್ಮ ಮನೆಯವರು ಹೇಳುತ್ತಾರೆ. ಕೇಳಿಸಿತು. ಅವರು ಕಣ್ಣು ಬಿಟ್ಟು ಆ ಕಡೆ ನೋಡಿದ್ದನ್ನು ಗಡಿಯಲ್ಲಿದ್ದವರೆಲ್ಲ ಕಂಡಿದ್ದಾರೆ. ಮಗಳನ್ನೂ ಕಂಡರು, ಕೇಳುತ್ತಿರುವವಳು ಯಾರೆಂಬುದನ್ನೂ ಕಂಡರು. ಇದೇ ಹೆಂಗಸಿನ ದೆಸೆಯಿಂದ ವ್ರತ ಕೆಟ್ಟು ಸತ್ತ ತಾಯಿ ಇದೇ ಹೆಂಗಸಿನ ದೆಸೆಯಿಂದ ಪರಲೋಕದಲ್ಲೂ ಬಾಯಾರಬೇಕೆ ಎಂದು ಅವರಿಗೆ ಅನ್ನಿಸಿರಬೇಕು. ಇನ್ನೇನು ಒಂದೇ ಬೊಗಸೆ, ಆಮೇಲೆ ಹೇಳಿದರಾಯಿತು ಎಂದುಕೊಂಡಿರಬೇಕು. ಮಗಳ ಮೇಲೆ ಅವರಿಗೆ ಪ್ರೀತಿಯಿರಲಿಲ್ಲ ಎಂದು ಕೇರಿಯವರು ಕೂಡ ಹೇಳುವುದಿಲ್ಲ. ಪ್ರೀತಿ ಇತ್ತು, ಅಷ್ಟಿದ್ದೂ ಬೊಗಸೆ ದೊಡ್ಡದಾಯಿತು. ಅವರು ಬೆರಳು ಸಡಿಲಿಸಿ, ಮಂತ್ರ ತಪ್ಪದಂತೆ, ಸಾವಕಾಶವಾಗಿ ನೀರು ಬಿಟ್ಟರು. ಅಷ್ಟರಲ್ಲಿ ಮಂಕಾಳಿ ಇನ್ನೆರಡು ಸಲ ಕೇಳಿದ್ದಳು. ಕೊನೆಯ ಹನಿ ಬಿದ್ದ ಮೇಲೆ ಮಾಬಲಯ್ಯ ಗಂಟಲು ಹರಿಯುವಂತೆ ‘ಮುಟ್ಟು’ ಎಂದು ಕೂಗಿದರು. ಆ ಹೊತ್ತಿಗೆ ಗಂಡಿಯ ಬಾಯಲ್ಲಿ ಹುಡುಗಿ ಇರಲಿಲ್ಲ.

ಮಂಕಾಳಿ ಬಂಡೆಯಾಚೆಗೆ ಮುಳುಗಿದಳು. ಚಿಪ್ಪಿಗೆ ಮುಳುಗುವವರಲ್ಲಿ ಯಾರೂ ಅಷ್ಟು ಹೊತ್ತು ಉಸಿರು ಕಟ್ಟಿದ್ದನ್ನು ಹಿಂದೆಂದೂ ಕಂಡಿರಲಿಲ್ಲವಂತೆ. ಕಡೆಗೆ ಹುಡುಗಿಯನ್ನು ಎರಡೂ ತೋಳಿನಲ್ಲಿ ಅವುಚಿಕೊಂಡು ಬಂದು ಮರಳಿನ ಮೇಲೆ ಮಲಗಿಸಿದಳು. ಹೊಟ್ಟೆ ಒತ್ತಿದಳು, ಅಂಗೈ ಅಂಗಾಲು ತಿಕ್ಕಿದಳು. ಯಾರೂ ಬೇಡ ಎನ್ನಲಿಲ್ಲ. ಮಡಿ ಕೆಡಲು ಇನ್ನೇನೂ ಉಳಿದಿರಲಿಲ್ಲ. ಮಾಬಲಯ್ಯ ಒದ್ದೆ ಪಂಚೆಯಲ್ಲೇ ಓಡಿಬಂದು ಅವಳ ಎದುರು ಕುಸಿದು ಕೂತರು. ಅವರು ಆಗ ಆಡಿದ ಮಾತನ್ನು ಕೇರಿಯವರು ಒಂದಕ್ಷರ ಬದಲಿಸದೆ ಹೇಳುತ್ತಾರೆ.

“ಕೈಯಳತೇಲೇ ಇದ್ಯಲ್ಲೆ. ಹಿಡ್ಕಳೂಕೆ ಏನಾಗಿತ್ತೆ ನಿಂಗೆ?”

“ಕೇಳ್ದೆ ಒಡ್ಯಾ. ಮೂರ್ ಸಲ ಕೇಳ್ದೆ.”

ಮುಟ್ಟಿದ್ದಕ್ಕೆ ಗೂಡು ಕೆಡವಿಸಿಕೊಂಡವಳು ಈಗ ಮುಟ್ಟದ್ದಕ್ಕೆ ಊರಿನ ಶಾಪ ಹೊತ್ತಳು. ಹತ್ತಿರವಿದ್ದೂ ಮಗುವನ್ನು ಬಿಟ್ಟಳು, ಹಳೆಯ ಹಗೆ ತೀರಿಸಿಕೊಂಡಳು ಎಂದು ಆಡಿಕೊಂಡರು. ಅವಳು ಮತ್ತೆಂದೂ ನೀರಿಗೆ ಇಳಿಯಲಿಲ್ಲ. ದಿನ ಕಳೆದಂತೆ ಅವಳಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಕೊಡ ಎತ್ತುವ ಮುಂಚೆ, ಅನ್ನಕ್ಕೆ ಕೈ ಹಾಕುವ ಮುಂಚೆ, ಒಲೆಗೆ ಕಟ್ಟಿಗೆ ಇಡುವ ಮುಂಚೆ ‘ಮುಟ್ಲಾ?’ ಎಂದು ಕೇಳಿ ಕಾಯುತ್ತಿದ್ದಳು. ಯಾರಾದರೂ ‘ಮುಟ್ಟೇ ತಾಯಿ’ ಎನ್ನುವವರೆಗೂ ಕಾಯುತ್ತಿದ್ದಳು. ಆಣೆಯ ಹೊತ್ತಿನಲ್ಲಿ ಸೊಂಟದ ಮೇಲಿದ್ದ ಅವಳ ಮಗನಿಗೆ ಆಗ ನಾಲ್ಕು ತುಂಬಿರಲಿಲ್ಲ. ಅದು ಬಿದ್ದು ಅಳುತ್ತ ತಾಯಿಯ ಕಡೆ ಕೈಯೆತ್ತಿದರೆ, ಇವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಸುತ್ತ ನೋಡುತ್ತ ‘ಮುಟ್ಲಾ? ಮುಟ್ಲಾ?’ ಎನ್ನುತ್ತಿದ್ದಳಂತೆ. ಒಂದು ದಿನ ದಂಡೆಯುದ್ದಕ್ಕೂ ಹಾಗೆಯೇ ಕೇಳುತ್ತ ನಡೆದು ಕಾನಿನೊಳಗೆ ಹೋದವಳು ತಿರುಗಿ ಬರಲಿಲ್ಲ. ದಂಡೆಗೆ ಆ ಹೆಸರು ನಿಂತದ್ದು ಅಂದಿನಿಂದ. ಮಾಬಲಯ್ಯ ಮತ್ತೆ ಯಾರಿಗೂ ತರ್ಪಣ ಬಿಡಲಿಲ್ಲ ಎನ್ನುತ್ತಾರೆ. ಸಾಯುವ ಮುಂಚೆ ಊರವರನ್ನು ಕರೆಸಿ, ಈ ದಂಡೆಯಲ್ಲಿ ನೀರಿಗೆ ಇಳಿಯುವವರ ಮನೆಯ ಯಜಮಾನ ಇಳಿಯುವ ಮೊದಲೇ ಕಡಲಿಗೆ ಮುಖ ಮಾಡಿ ಮೂರು ಸಲ ‘ಮುಟ್ಟು’ ಎಂದು ಗಟ್ಟಿಯಾಗಿ ಹೇಳಿಯೇ ಮುಂದಿನ ಹೆಜ್ಜೆ ಇಡಬೇಕೆಂದು ಕಟ್ಟು ಮಾಡಿದರು. ಬುದ್ಧಿ ಬಂತು, ಸರಿಯೇ. ಅದರ ಬೆಲೆ ತೆತ್ತವರು ಬೇರೆಯವರು.

ಮಂಕಾಳಿಯ ಆ ಮಗನ ಪೀಳಿಗೆ ಇಂದಿಗೂ ಇದೆ. ಈಗ ದಂಡೆಯ ಮೇಲೆ ಎತ್ತರದ ಕುರ್ಚಿಯಲ್ಲಿ ಸೀಟಿ ಹಿಡಿದು ಕೂರುವ ಲೈಫ್‌ಗಾರ್ಡ್ ಸಣ್ಕೂಸ ಅದೇ ಪೀಳಿಗೆಯವನು. ಹದಿನೇಳು ಜನರನ್ನು ಎಳೆದು ತಂದಿದ್ದಾನೆ, ಒಬ್ಬರನ್ನೂ ಕೇಳಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಾನೆ, ಜಗುಲಿ ಹತ್ತುವುದಿಲ್ಲ. ಹತ್ತು ಎಂದು ನಾನು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಹೇಳಿದ್ದೇನೆ. ಅದೂ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ.

ಮಾಬಲಯ್ಯನವರ ಕಟ್ಟು ಮಾತ್ರ ಇನ್ನೂ ನಡೆಯುತ್ತಿದೆ. ಭಾನುವಾರ ಬಂದವರು ನೋಡಬಹುದು. ಕಾರು ನಿಲ್ಲಿಸಿ, ಕಾನು ದಾಟಿ ಬರುವ ಸಂಸಾರಗಳಿಗೆ ಎಳನೀರಿನವಳು ಪದ್ಧತಿ ಹೇಳಿಕೊಡುತ್ತಾಳೆ. ಅಪ್ಪನಾದವನು ನಾಚಿಕೊಂಡೇ ನೀರಿನ ಅಂಚಿಗೆ ಬಂದು ‘ಮುಟ್ಟು, ಮುಟ್ಟು, ಮುಟ್ಟು’ ಎನ್ನುತ್ತಾನೆ. ಹೆಂಡತಿ ನಗುತ್ತ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾಳೆ, ಮಕ್ಕಳು ಅವನಿಗಿಂತ ಮುಂಚೆ ನೀರಿಗೆ ಹಾರಿರುತ್ತವೆ. ನಾನು ಹೊನ್ನೆಮರದ ಕೆಳಗೆ ಕೂತು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಆ ಮಾತನ್ನು ಮೂರು ಸಲ ಹೇಳಿ ಮುಗಿಸಲು, ಒಂದು ಬೊಗಸೆ ನೀರು ಬಿಡುವಷ್ಟು ಹೊತ್ತೂ ಬೇಕಾಗುವುದಿಲ್ಲ.