ಸಂತೆಗೆ ಹೋಗದ ಕಲ್ಲು

ಬಹಳ ಹಿಂದೆ, ನೇಕಾರರ ಮಗ್ಗದ ಸದ್ದಿಗೆ ಕೋಳಿಗಳು ಏಳುತ್ತಿದ್ದ ಕಾಲದಲ್ಲಿ, ಹೊಳೆದಂಡೆಯ ಒಂದೂರಲ್ಲಿ ನೀಲವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಊರಿಗೆಲ್ಲ ಅವಳು ಆಯಿ. ಹೆರಿಗೆ ಮಾಡಿಸುವುದು, ಹುಣ್ಣಿಗೆ ಮದ್ದು ಅರೆಯುವುದು ಅವಳ ಕೆಲಸ. ಹೊಟ್ಟೆಯಲ್ಲಿ ಅಡ್ಡಲಾದ ಕೂಸನ್ನು ಹೆಸರಿಟ್ಟು ಕರೆದು ತಿರುಗಿಸುತ್ತಿದ್ದಳು ಅನ್ನುತ್ತಾರೆ. ತುಂಬಿದ ಹೊಳೆಯನ್ನು ಸೋರೆಬುರುಡೆ ಕಟ್ಟಿಕೊಂಡು ಈಸಿ, ಆಚೆ ದಂಡೆಯ ಬಸುರಿಯನ್ನು ಉಳಿಸಿದಳು ಅನ್ನುತ್ತಾರೆ. ಅವಳನ್ನು ಕಂಡು ಹೊಳೆಯೇ ಮೊಣಕಾಲಿಗೆ ಇಳಿಯಿತು ಅನ್ನುವವರೂ ಇದ್ದಾರೆ. ಅದು ಇರಲಿ. ಕಲ್ಲಿನ ಕತೆಯನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ.

ನೇಕಾರರ ಓಣಿಗೆ ಆಗ ಇದ್ದದ್ದು ಒಂದೇ ಬಚ್ಚಲು. ಮಗ್ಗದ ಕುಣಿ ಬಿಟ್ಟು ಮನೆಯಲ್ಲಿ ಉಳಿದ ಜಾಗ ಒಲೆಗೇ ಸಾಲದು. ಅದಕ್ಕೇ ಓಣಿಯ ಕೊನೆಗೆ ಗೋಡೆ ಎತ್ತಿ, ಹಂಡೆ ಹೂಡಿ, ಒಂದು ಚಪ್ಪಟೆ ಕಲ್ಲು ಹಾಕಿದ್ದರು. ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಅದರ ಮೇಲೆ ಕೂತು ಮೀಯುತ್ತಿದ್ದರು. ಕೂತು ಕೂತು ಕಲ್ಲು ನಡುವೆ ತಗ್ಗಾಗಿತ್ತಂತೆ.

ಆ ಓಣಿಗೆ ತುಳಜವ್ವ ಎಂಬವಳು ಗಂಡನ ಹೊಡೆತ ತಾಳದೆ ದೂರದೂರಿನಿಂದ ಬಂದಿದ್ದಳು. ಮನೆಮನೆಗೆ ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲು, ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಅವಳಿಗೆ ಹಿಂದೆ ಮನೆಯಿಲ್ಲ, ಮುಂದೆ ಊರಿಲ್ಲ. ಆ ಓಣಿಯೇ ಎಲ್ಲ.

ಒಂದು ವರ್ಷ ಓಣಿಯ ಹಿರಿಯ ಬನಪ್ಪ ಕೆಲವು ಗಂಡಸರನ್ನು ಕಟ್ಟಿಕೊಂಡು, ಸೀರೆ ಗಂಟು ಹೊತ್ತು ದೂರದ ಸಂತೆಗಳಿಗೆ ಹೋಗಿ ಬಂದ. ಕೆಲವು ವಾರ ಕಳೆದವು. ಬನಪ್ಪನ ಹೆಂಡತಿ ಕಾಶವ್ವನಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ಪರಂಗಿ ಹುಣ್ಣು, ಅಂದರೆ ಈಗ ಸಿಫಿಲಿಸ್ ಅನ್ನುವ ಗುಹ್ಯರೋಗದ ಹುಣ್ಣು, ಕಾಣಿಸಿತು. ಹೇಗೆ ಬಂತು ಎಂದು ಹೆಂಗಸರು ಕೇಳಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾದಳು. ಉತ್ತರವನ್ನು ಓಣಿಯೇ ಕೊಟ್ಟುಕೊಂಡಿತು. ದಿನಾ ಕಾಶವ್ವನಿಗಿಂತ ಮುಂಚೆ ಮೀಯುತ್ತಿದ್ದವಳು ಯಾರು? ತುಳಜವ್ವ. ಗಂಡನನ್ನು ಬಿಟ್ಟು ಬಂದವಳು ಎಲ್ಲೆಲ್ಲಿ ತಿರುಗಿದ್ದಳೋ, ಅವಳ ರೋಗ ಕಲ್ಲಿಗೆ ಹತ್ತಿದೆ, ಕಲ್ಲಿನಿಂದ ಕಾಶವ್ವನಿಗೆ ಹತ್ತಿದೆ ಎಂದರು.

ಮೊದಲು ಕಲ್ಲಿಗೆ ಶಿಕ್ಷೆಯಾಯಿತು. ಬೂದಿ ಹಾಕಿ ತಿಕ್ಕಿದರು, ಗಂಜಲ ಸುರಿದರು, ಕೆಂಡ ಹರಡಿದರು. ಅದಕ್ಕೂ ಧೈರ್ಯ ಬರದೆ ಹಗ್ಗ ಕಟ್ಟಿ ಎಳೆದು ತಿಪ್ಪೆಯ ಪಕ್ಕಕ್ಕೆ ಎಸೆದು ಹೊಸ ಕಲ್ಲು ಹಾಕಿಸಿದರು. ಆಮೇಲೆ ತುಳಜವ್ವನ ಸರದಿ. ಅವಳು ಬಚ್ಚಲಿಗೆ ಕಾಲಿಡಬಾರದು, ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆ ತುಂಬುವುದರೊಳಗೆ ಓಣಿ ಬಿಡಬೇಕು ಎಂದು ಬನಪ್ಪ ಸಾರಿದ. ಅವಳು ಸುತ್ತಿದ ಕಂಡಿಕೆಯನ್ನೂ ಯಾರೂ ಮುಟ್ಟಲಿಲ್ಲ. ಅವಳು ಹೊಳೆಯಲ್ಲಿ ಮಿಂದು, ಬರಿಗೈಯಲ್ಲಿ ಬಂದು, ಬರಿಯ ರಾಟೆ ತಿರುಗಿಸುತ್ತ ಕೂರುತ್ತಿದ್ದಳಂತೆ. ತನ್ನ ಮೈಯಲ್ಲಿ ಒಂದು ಗುಳ್ಳೆಯೂ ಇಲ್ಲವೆಂದು ಅವಳಿಗೆ ಗೊತ್ತು. ಆದರೆ ಅದನ್ನು ಯಾರಿಗೆ, ಹೇಗೆ ತೋರಿಸುವುದು?

ಅಷ್ಟರಲ್ಲಿ ಇನ್ನಿಬ್ಬರು ಹೆಂಗಸರಿಗೆ ಅದೇ ಹುಣ್ಣಾಯಿತು. ಈಗ ಬಚ್ಚಲಲ್ಲಿ ಇದ್ದದ್ದು ಹೊಸ ಕಲ್ಲು! ತುಳಜವ್ವ ಅದನ್ನು ಕಣ್ಣಿಂದಲೂ ಕಂಡಿರಲಿಲ್ಲ. ಕದ್ದು ಬಂದು ಕೂತಿರಬೇಕು ಎಂದರು ಜನ. ನೀಲವ್ವ ಮಾತ್ರ ಮದ್ದು ಅರೆಯುತ್ತ ಯೋಚಿಸಿದಳು. ಹಳೆಯ ಕಲ್ಲಿನ ಮೇಲೆ ಮುದುಕಿಯರು ಕೂತಿದ್ದರು, ಗಂಡ ಸತ್ತವರು ಕೂತಿದ್ದರು, ಹುಡುಗಿಯರು ಕೂತಿದ್ದರು. ಅವರಾರಿಗೂ ಏನೂ ಆಗಿಲ್ಲ. ಆದದ್ದು ಮೂವರಿಗೆ. ಆ ಮೂವರ ಗಂಡಂದಿರೂ ಬನಪ್ಪನ ಜೊತೆ ಗಂಟು ಹೊತ್ತವರು.

ದೀಪಾವಳಿಯ ಬೆಳಿಗ್ಗೆ ನೀಲವ್ವ ಬಚ್ಚಲಿಗೆ ಹೋಗಲಿಲ್ಲ. ಬಿಸಿನೀರಿನ ಕೊಡ ಹೊತ್ತು, ತುಳಜವ್ವನ ಕೈಹಿಡಿದು ತಿಪ್ಪೆಯ ಪಕ್ಕದ ಹಳೆಯ ಕಲ್ಲಿಗೆ ನಡೆದಳು. ಬಯಲಲ್ಲಿ ಮೀಯುವುದು ಹೇಗೆ? ಹೆಂಗಸರೇ ನಾಚಿ, ಸಂತೆಗೆಂದು ನೇಯ್ದ ಸೀರೆಗಳನ್ನು ತಂದು ಸುತ್ತಲೂ ಮರೆ ಹಿಡಿದರು. ತುಳಜವ್ವನಿಗೆ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ, ಕಲ್ಲಿಗೆ ಒಂದು ತಂಬಿಗೆ ನೀರನ್ನೂ ಸುರಿಯದೆ, ನೀಲವ್ವ ಆ ಹಸಿ ಕಲ್ಲಿನ ಮೇಲೆ ತಾನೇ ಕೂತಳು.

ಮರೆಯಾಚೆಯಿಂದ ಬನಪ್ಪ ಕೂಗಿದ. "ಆಯಿ, ಏಳು! ಈ ವಯಸ್ಸಿನ್ಯಾಗ ಹುಣ್ಣು ಬೇಕೇನು ನಿನಗ?"

"ಹುಣ್ಣು ಸಂತ್ಯಾಗ ಸಿಗ್ತದ ಬನಪ್ಪಾ. ಕಲ್ಲೇನು ಸಂತಿಗೆ ಹೋಗಿತ್ತೇನು?"

ಸೀರೆ ಹಿಡಿದ ಕೈಗಳು ನಗುವಿಗೆ ಅಲುಗಾಡಿದವಂತೆ. ಆದರೆ ಕಾಶವ್ವ ನಗಲಿಲ್ಲ. ತಾನು ಹಿಡಿದಿದ್ದ ಸೀರೆಯ ತುದಿಯನ್ನು ಪಕ್ಕದವಳಿಗೆ ಕೊಟ್ಟು, ಮರೆಯೊಳಗೆ ಬಂದು, ತುಳಜವ್ವನ ಮುಂದೆ ನಿಂತಳು. "ಅವ ಸಂತಿಯಿಂದ ಬಂದಾಗನ ಅವಗ ಹುಣ್ಣಿತ್ತವಾ," ಎಂದಳು. "ಬಾಯಿ ಬಿಟ್ರ ತವರಿಗೆ ಅಟ್ಟತೀನಿ ಅಂದಿದ್ದ. ಎಲ್ಲಾರೂ ನಿನ್ನ ಹೆಸರು ಹೇಳಿದ್ರು. ನಾ ಸುಮ್ಮನಾದೆ." ತುಳಜವ್ವ ಉಳಿದಿದ್ದ ಎಣ್ಣೆಯನ್ನು ಅವಳ ನೆತ್ತಿಗೆ ಹಚ್ಚಿದಳಂತೆ.

ಅಷ್ಟರಲ್ಲಿ ಮರೆಯಾಚೆ ಬನಪ್ಪ ಇರಲಿಲ್ಲ. ಆದರೆ ಸಂಜೆಗೆ ನೀಲವ್ವನ ಮನೆಗೆ ಬರಲೇಬೇಕಾಯಿತು. ಗಂಡಹೆಂಡತಿ ಇಬ್ಬರೂ ಕೂತರೆ ಮಾತ್ರ ಮದ್ದು, ಒಬ್ಬರಿಗೇ ಕೊಡುವುದು ತೂತಿನ ಕೊಡ ತುಂಬಿದಂತೆ ಎಂದು ನೀಲವ್ವ ಹೇಳಿಬಿಟ್ಟಿದ್ದಳು. ಈ ರೋಗ ಹಾಸಿಗೆಯಲ್ಲಿ ಮೈಯಿಂದ ಮೈಗೆ ಹೋಗುತ್ತದೆ, ಕಲ್ಲಿನ ಮೇಲೆ ಬದುಕುವುದಿಲ್ಲ ಎಂದಳು. ಒಬ್ಬರು ಉಟ್ಟ ಒದ್ದೆ ಬಟ್ಟೆಯನ್ನು ಇನ್ನೊಬ್ಬರು ಉಡಬೇಡಿ, ಕಜ್ಜಿ ಬಂದೀತು, ಆದರೆ ಅದು ಬೇರೆ ಮಾತು ಎಂದೂ ಹೇಳಿದಳು. ಅವಳ ಮದ್ದಿಗೆ ಎಲ್ಲರಿಗೂ ವಾಸಿಯಾಯಿತು ಅನ್ನುತ್ತಾರೆ. ಅದು ನಿಜವಿರಲಾರದು. ಆ ಕಾಲದ ಬೇರುನಾರಿಗೆ ಹುಣ್ಣು ಮಾಯ್ದರೂ ರೋಗ ಒಳಗೇ ಉಳಿದಿರಬಹುದು. ಅದನ್ನು ವಾಸಿಮಾಡುವ ಸೂಜಿಮದ್ದು ಈಗ ದವಾಖಾನೆಯಲ್ಲಿದೆ. ಈಗಲೂ ಅಲ್ಲಿನ ಡಾಕ್ಟರು ಇಬ್ಬರನ್ನೂ ಕರೆತನ್ನಿ ಎಂದೇ ಹೇಳುತ್ತಾರೆ.

ತುಳಜವ್ವ ಓಣಿ ಬಿಡಲಿಲ್ಲ, ಹೆಂಗಸರು ಹಳೆಯ ಕಲ್ಲನ್ನು ತಿಪ್ಪೆಯ ಪಕ್ಕದಿಂದ ಎಳೆದು ತಂದು ಬಚ್ಚಲಿಗೇ ಹಾಕಿದರಂತೆ. ಈಗ ಆ ಓಣಿಯಲ್ಲಿ ಮನೆಗೊಂದು ಬಚ್ಚಲಿದೆ, ನಲ್ಲಿಯಿದೆ. ನಡು ತಗ್ಗಾದ ಹಳೆಯ ಕಲ್ಲು ಓಣಿಯ ಕೊನೆಗೆ, ತನ್ನ ಮೊದಲಿನ ಜಾಗದಲ್ಲಿಯೇ ಇದೆ. ದೀಪಾವಳಿಯ ಬೆಳಿಗ್ಗೆ ಸುತ್ತಲೂ ಸೀರೆ ಹಿಡಿದು, ಆ ವರ್ಷ ಓಣಿಗೆ ಹೊಸದಾಗಿ ಬಂದವಳನ್ನು ಮೊದಲು ಅದರ ಮೇಲೆ ಕೂರಿಸಿ ಮೀಯಿಸುತ್ತಾರೆ. ಅವಳು ಎದ್ದ ಮೇಲೆ ಓಣಿಯ ಹಿರಿಯಳು ಕೂರುತ್ತಾಳೆ. ನಡುವೆ ಯಾರೂ ಕಲ್ಲು ತೊಳೆಯುವುದಿಲ್ಲ.