ಅತ್ತೆಬೆನ್ನಿನ ಕಲ್ಲು

ಕೊಂಬಿನಪಾಳ್ಯದಿಂದ ಸುಣ್ಣದಗೂಡಿಗೆ ಹೋಗುವ ಹಳೆಯ ಕಾಲುದಾರಿ ಗುಡ್ಡದ ನೆತ್ತಿ ಮುಟ್ಟುವ ಕಡೆ, ಒಂದು ಬೇಲದ ಮರದ ಪಕ್ಕದಲ್ಲಿ, ಎರಡು ಮೋಟು ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಕಲ್ಲುಚಪ್ಪಡಿಯೊಂದಿದೆ. ನಮ್ಮ ಸೀಮೆಯಲ್ಲಿ ಇಂಥ ಹೊರೆಗಲ್ಲುಗಳು ಅಪರೂಪವೇನಲ್ಲ. ತಲೆಯ ಮೇಲೆ ಹೊರೆ ಹೊತ್ತು ಊರೂರು ನಡೆಯುತ್ತಿದ್ದ ಕಾಲದಲ್ಲಿ, ದಾರಿಹೋಕರು ಯಾರ ನೆರವೂ ಇಲ್ಲದೆ ಹೊರೆಯನ್ನು ಜಾರಿಸಿಟ್ಟು, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಲೆಂದು ಪುಣ್ಯವಂತರು ಇವನ್ನು ನಿಲ್ಲಿಸುತ್ತಿದ್ದರು. ಅವು ಆಳೆತ್ತರ, ಕಡಿಮೆಯೆಂದರೆ ಎದೆಯೆತ್ತರ ಇರುತ್ತವೆ. ಇದು ಮಾತ್ರ ಮೊಣಕಾಲಿಗಿಂತ ತುಸು ಮೇಲೆ. ಊರಿಗೆ ಹೊಸದಾಗಿ ಬಂದ ಅಳಿಯಂದಿರು ಇದನ್ನು ನೋಡಿ, ಕಲ್ಲುಕುಟಿಗ ಹೆಂಡ ಕುಡಿದು ಅಳತೆ ಹಿಡಿದಿರಬೇಕು ಎಂದು ನಗುತ್ತಾರೆ. ನಗಲಿ ಬಿಡಿ, ಅಳಿಯಂದಿರಿಗೆ ಮೊದಲ ವರ್ಷ ಅಷ್ಟು ಸದರ ಇದ್ದೇ ಇದೆ. ಕಲ್ಲಿನ ಹೆಸರು ‘ಅತ್ತೆಬೆನ್ನು’ ಎಂದು ಕೇಳಿದ ಮೇಲಂತೂ ಅವರ ನಗು ಇನ್ನೂ ಜೋರಾಗುತ್ತದೆ. ಅತ್ತೆಯ ಬಾಯಿಯ ಹೆಸರಿನಲ್ಲಿ ಏನಾದರೂ ಇದ್ದರೆ ಒಪ್ಪಬಹುದು, ಬೆನ್ನಿನ ಹೆಸರಿನಲ್ಲಿ ಕಲ್ಲೇಕೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಈ ಕಥೆ ಹೇಳುತ್ತ ಬಂದಿದ್ದೇನೆ. ಈಗ ಬರೆದೂ ಇಡುತ್ತಿದ್ದೇನೆ.

ಈ ಎರಡೂ ಊರು ಕ್ರೈಸ್ತರ ಊರುಗಳು. ಚರ್ಚನ್ನು ನಾವು ಗುಡಿ ಎನ್ನುತ್ತೇವೆ, ಅದಿರುವುದು ಕೊಂಬಿನಪಾಳ್ಯದಲ್ಲಿ. ಗುಡ್ಡದಾಚೆಯ ಸುಣ್ಣದಗೂಡಿನಲ್ಲಿ ಮೊದಲು ಸುಣ್ಣ ಸುಡುವವರೂ ಕಲ್ಲು ಕಡಿಯುವವರೂ ಇದ್ದರು. ಕ್ರಿಸ್ಮಸ್ಸಿಗೆ ಮುಂಚಿನ ವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಬರುವವನಿಗಾಗಿ ಕಾಯುವ ಕಾಲ ಅದು. ಗುಡಿಯೊಳಗೆ ಹುಲ್ಲಿನ ಗೋದಲಿ ಕಟ್ಟಿ ಬಾಲಯೇಸುವಿನ ಜಾಗವನ್ನು ಬರಿದಾಗಿ ಬಿಡುತ್ತೇವೆ. ಇದು ಎಲ್ಲ ಕಡೆಯೂ ಉಂಟು. ನಮ್ಮಲ್ಲಿ ಮಾತ್ರ ಇರುವುದು ‘ನಡೆಯುವ ತಾಯಿ’. ಹಲಸಿನ ಮರದಲ್ಲಿ ಕೆತ್ತಿದ ತುಂಬುಬಸುರಿ ಮರಿಯಮ್ಮನ ವಿಗ್ರಹವದು. ಮರದ ಪೆಟ್ಟಿಗೆಯೊಂದರಲ್ಲಿ ಕುಳಿತು ಸುಣ್ಣದಗೂಡಿನ ಮೊದಲ ಮನೆಯಿಂದ ಹೊರಟು, ದಿನಕ್ಕೊಂದು ಮನೆಯಲ್ಲಿ ತಂಗುತ್ತ, ಗುಡ್ಡ ಹತ್ತಿಳಿದು, ಹಬ್ಬದ ಹಿಂದಿನ ದಿನ ಗುಡಿ ಸೇರುತ್ತದೆ. ಬೆತ್ಲೆಹೇಮಿನಲ್ಲಿ ಆ ತಾಯಿ ಹೆರಿಗೆಗೆ ಜಾಗ ಕೇಳಿಕೊಂಡು ಮನೆಮನೆ ಅಲೆದಳಲ್ಲ, ಒಂದು ಬಾಗಿಲೂ ತೆರೆಯಲಿಲ್ಲವಲ್ಲ, ಆ ತಪ್ಪು ನಮ್ಮೂರಿನಲ್ಲಿ ಆಗಬಾರದೆಂದು ಹಿರಿಯರು ಮಾಡಿದ ಏರ್ಪಾಡು ಇದು. ಪ್ರೀತಿಯಿಂದ ಮಾಡಿದ್ದು. ಆದರೆ ಪ್ರೀತಿಯ ಬೆನ್ನಿಗೇ ಕಟ್ಟಳೆಗಳೂ ಹುಟ್ಟಿಕೊಂಡವು. ಹೊತ್ತ ತಾಯಿಯನ್ನು ದಾರಿಯಲ್ಲಿ ನೆಲಕ್ಕೆ ಇಳಿಸಕೂಡದು ಎಂಬುದು ಒಂದು. ಮರಿಯಮ್ಮನೂ ಆಕೆಯ ಪತಿ ಸೂಸೆಯಪ್ಪನೂ ಇಬ್ಬರೇ ನಡೆದಿದ್ದರಿಂದ, ಪೆಟ್ಟಿಗೆಯೊಂದಿಗೆ ಇಬ್ಬರೇ ನಡೆಯಬೇಕು, ಮೂರನೆಯವರು ಜೊತೆಗೂಡಕೂಡದು ಎಂಬುದು ಇನ್ನೊಂದು. ಗುಡ್ಡ ದಾಟಿಸುವ ಸರದಿ ಬರುತ್ತಿದ್ದುದು ಆಗಮನ ಕಾಲದ ಮೂರನೆಯ ಭಾನುವಾರ. ಅಂದು ಗುಡಿಯ ಪಾದ್ರಿ ಸ್ವಾಮಿಗಳು ಗುಲಾಬಿ ಬಣ್ಣದ ಉಡುಪು ಧರಿಸಿ ಪೂಜೆ ಅರ್ಪಿಸುತ್ತಾರೆ. ಕಾಯುವವರಿಗೆ ನಡುದಾರಿಯಲ್ಲಿ ಒಂದಿಷ್ಟು ಸಂತೋಷ ಇರಲಿ ಎಂದು.

ಹಿಂದೆ ಒಮ್ಮೆ ಸುಣ್ಣದಗೂಡಿನಲ್ಲಿ ಮದಲೇನಮ್ಮ ಎಂಬ ವಿಧವೆ ಇದ್ದಳು. ಕಲ್ಲು ಕಡಿಯುವ ಇನ್ನಾಸಪ್ಪ ಆಕೆಯ ಒಬ್ಬನೇ ಮಗ, ಅರುಳಮ್ಮ ಸೊಸೆ. ಮದಲೇನಮ್ಮನ ಭಕ್ತಿ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು ಎನ್ನುತ್ತಾರೆ. ಯಾರ ಮನೆಯಲ್ಲಿ ತಾಯಿಗೆ ಹಾಸಿದ ಬಟ್ಟೆ ಮಡಿಯಾಗಿಲ್ಲ, ಯಾರು ಪೆಟ್ಟಿಗೆ ಹೊತ್ತು ನಡುದಾರಿಯಲ್ಲಿ ಹರಟೆ ಹೊಡೆದರು ಎಂಬುದೆಲ್ಲ ಆಕೆಗೆ ಗೊತ್ತಿರುತ್ತಿತ್ತು, ಗೊತ್ತಾದದ್ದನ್ನು ಆಕೆ ಒಳಗಿಟ್ಟುಕೊಳ್ಳುತ್ತಿರಲಿಲ್ಲ. ಬೆತ್ಲೆಹೇಮಿನ ಮುಚ್ಚಿದ ಬಾಗಿಲುಗಳ ಕಥೆಯನ್ನು ಪ್ರತಿವರ್ಷ ಹೇಳಿ ಪ್ರತಿವರ್ಷ ಅಳುತ್ತಿದ್ದಳು. ಅದು ಸುಳ್ಳು ಅಳುವಲ್ಲ. ಅರುಳಮ್ಮನಿಗೆ ಎರಡು ಬಾರಿ ಬಸಿರು ನಿಂತು, ಎರಡು ಬಾರಿಯೂ ದಿನ ತುಂಬುವ ಮೊದಲೇ ಮಗು ಹೋಗಿತ್ತು. ಮತ್ತೊಮ್ಮೆ ನಿಂತಾಗ ಅತ್ತೆ ಗುಡಿಯಲ್ಲಿ ಮೊಣಕಾಲೂರಿ, ಈ ಮಗು ಉಳಿದರೆ ನನ್ನ ಸೊಸೆ ತುಂಬುಬಸುರಿಯಾಗಿ ನಿನ್ನನ್ನು ಗುಡ್ಡ ದಾಟಿಸುತ್ತಾಳೆ ಎಂದು ಹರಕೆ ಹೇಳಿಕೊಂಡಳು. ಸೊಸೆಯನ್ನು ಕೇಳಿ ಹೇಳಿಕೊಂಡದ್ದಲ್ಲ. ಹರಕೆ ಹೊತ್ತದ್ದು ಅತ್ತೆ, ಪೆಟ್ಟಿಗೆ ಹೊರಬೇಕಾದವಳು ಸೊಸೆ.

ಆ ಭಾನುವಾರಕ್ಕೆ ಮುಂಚೆ ಇನ್ನಾಸಪ್ಪನ ಪಾದದ ಮೇಲೆ ಕಲ್ಲು ಬಿದ್ದು ಅವನು ನಡೆಯಲಾರದೆ ಮಲಗಿದ್ದ. ಸೂಸೆಯಪ್ಪನ ಜಾಗಕ್ಕೆ ಮದಲೇನಮ್ಮನೇ ನಿಂತಳು. ಆಕೆಯ ಬಲಗೈ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅರುಳಮ್ಮ ಸಿಂಬೆ ಇಟ್ಟು, ನೆರೆಯವರ ನೆರವಿನಿಂದ ಪೆಟ್ಟಿಗೆಯನ್ನು ತಲೆಗೇರಿಸಿಕೊಂಡಳು. ಅವಳಿಗೆ ಮನಸ್ಸಿರಲಿಲ್ಲ ಎಂದಲ್ಲ. ಈ ಮಗುವೊಂದು ಉಳಿಯುವುದಾದರೆ ಗುಡ್ಡವನ್ನೇ ಹೊರುವುದಕ್ಕೂ ಅವಳು ತಯಾರಿದ್ದಳು. ಅವರೆಹೂವಿನ ಸೊಗಡು ತುಂಬಿದ ಹೊಲಗಳನ್ನು ದಾಟಿ ಏರು ಸಿಕ್ಕಿತು. ಅತ್ತೆ ಜಪಸರ ಎಣಿಸುತ್ತ ಹಿಂದೆ, ಸೊಸೆ ಉಸಿರು ಬಿಗಿಹಿಡಿದು ಮುಂದೆ. ಬೇಲದ ಮರದ ಹತ್ತಿರ ಬಂದಾಗ ಅರುಳಮ್ಮ ನಿಂತುಬಿಟ್ಟಳು. ಸೊಂಟದಿಂದ ಹೊರಟ ನೋವು ಹೊಟ್ಟೆಯನ್ನು ಸುತ್ತಿ ಹಿಂಡಿತ್ತು. ಹಿಂದಿನ ಎರಡು ಸಲವೂ ಅದು ಹೀಗೆಯೇ ಶುರುವಾಗಿತ್ತು.

“ಅತ್ತೆಮ್ಮಾ, ಆಯ್ತಿಲ್ಲ. ಇಳ್ಸ್‌ಬುಡ್ತೀನಿ.”

“ನೆಲಕ್ಕಾ? ಇಸ್ಟು ದೂರ ತಂದು? ಇನ್ನೊಂಚೂರು ತಡ್ಕೊ ಮಗಾ, ಇಳಿಜಾರು ಬಂದೇಬುಡ್ತು.”

ಅರುಳಮ್ಮ ತಡೆದುಕೊಂಡಳು. ಎರಡು ಹೆಜ್ಜೆ ಇಟ್ಟಳು, ಮರವನ್ನು ಅಪ್ಪಿಕೊಂಡು ಹಾಗೇ ಮೊಣಕಾಲಿಗೆ ಕುಸಿದಳು. ಪೆಟ್ಟಿಗೆ ಅವಳ ತಲೆಯ ಮೇಲೆಯೇ ಇತ್ತು, ಒಂದು ಕೈ ಅದನ್ನು ಹಿಡಿದೇ ಇತ್ತು. ಇಳಿಸಿದರೆ ಹರಕೆ ಮುರಿಯುತ್ತದೆ, ಮಗು ಹೋಗುತ್ತದೆ ಎಂಬ ಹೆದರಿಕೆ. ಹೊತ್ತೇ ಇದ್ದರೆ ಈಗಲೇ ಹೋಗುತ್ತದೆ ಎಂಬ ನೋವು. ಅವಳು ಅತ್ತೆಯ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ, ನೋಡಿದಳು ಅಷ್ಟೆ. ಆ ನೋಟಕ್ಕೆ ಮದಲೇನಮ್ಮನ ಕೈಯ ಜಪಸರ ಕೆಳಗೆ ಬಿತ್ತು. ಮೇಲೇಳದ ಕೈಯಿಂದ ಪೆಟ್ಟಿಗೆಯನ್ನು ಎತ್ತಿಕೊಳ್ಳುವಂತಿಲ್ಲ, ಒಂಟಿಗೈಯಲ್ಲಿ ತಡೆಯುವ ಭಾರವೂ ಅದಲ್ಲ. ಆಗ ಆ ಮುದುಕಿ ಸೆರಗು ಬಿಗಿದು ಸೊಸೆಯ ಪಕ್ಕದಲ್ಲಿ ಅಂಗೈ, ಮೊಣಕಾಲು ನೆಲಕ್ಕೂರಿ ಹಸುವಿನ ಹಾಗೆ ಬಾಗಿ ನಿಂತಳು. “ನನ್ ಬೆನ್ನ್ ಮ್ಯಾಲ್ ಇಳ್ಸು,” ಎಂದಳು. ಕೂತು ಮಡಿಲಲ್ಲಿ ಇರಿಸಿಕೊಳ್ಳಬಹುದಿತ್ತಲ್ಲ ಎಂದು ಬುದ್ಧಿವಂತರು ಈಗ ಕೇಳುತ್ತಾರೆ. ಆ ಹೊತ್ತಿಗೆ ಆಕೆಗೆ ಹೊಳೆದದ್ದು ಅದು, ಹೊಳೆದದ್ದೇ ದೊಡ್ಡದು. ಅರುಳಮ್ಮ ಮುಂದಕ್ಕೆ ಬಾಗಿ ಪೆಟ್ಟಿಗೆಯನ್ನು ಅತ್ತೆಯ ಬೆನ್ನಿಗೆ ಜಾರಿಸಿ, ಮರದಡಿ ಎಡಮಗ್ಗುಲಿಗೆ ಒರಗಿದಳು.

ಹಾಗೆ ಬಾಗಿ ನಿಂತವಳಿಗೆ ಆಕಾಶ ಕಾಣುವುದಿಲ್ಲ, ಗುಡಿಯ ಶಿಲುಬೆ ಕಾಣುವುದಿಲ್ಲ. ಕಂಡದ್ದು ಸೊಸೆಯ ಪಾದಗಳು. ಊದಿಕೊಂಡಿದ್ದವು, ಹಿಮ್ಮಡಿ ಸೀಳಿತ್ತು, ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತಿತ್ತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಆ ಪಾದಗಳನ್ನು ತಾನು ನೋಡಿಯೇ ಇರಲಿಲ್ಲ ಎಂದು ಮದಲೇನಮ್ಮ ಆಮೇಲೆ ಸಾಯುವ ತನಕ ಹೇಳುತ್ತಿದ್ದಳಂತೆ. ಬೆನ್ನ ಮೇಲಿನ ಭಾರಕ್ಕೆ ಮೊಣಕಾಲಿಗೆ ಕಲ್ಲು ಒತ್ತುತ್ತಿತ್ತು. ಆಕೆ ಅಲುಗಾಡಲಿಲ್ಲ. ನೆರವಿಗೆ ಕರೆಯೋಣವೆಂದರೆ ಕಟ್ಟಳೆಯ ಪ್ರಕಾರ ಜೊತೆಗೆ ಯಾರೂ ಇರಲಿಲ್ಲ.

ಆ ಹೊತ್ತಿಗೆ ಗುಡ್ಡದ ಓರೆಯಲ್ಲಿ ಕುರಿ ಮೇಯಿಸುತ್ತಿದ್ದ ಬೀರಯ್ಯನೆಂಬವನು ದಾರಿಗೆ ಬಂದ. ಕೆಳಗಿನ ಕುರುಬರ ಹಟ್ಟಿಯವನು. ಮಲಗಿ ನರಳುವ ಬಸುರಿಯನ್ನೂ, ಬೆನ್ನ ಮೇಲೆ ಪೆಟ್ಟಿಗೆ ಹೊತ್ತು ನಾಲ್ಕು ಕಾಲಲ್ಲಿ ನಿಂತ ಮುದುಕಿಯನ್ನೂ ಕಂಡು ಅವನಿಗೆ ಒಂದು ಗಳಿಗೆ ಏನೂ ತೋಚಲಿಲ್ಲ. ಆಮೇಲೆ ಹೆಗಲ ಕಂಬಳಿಯನ್ನು ತೆಗೆದು ಅರುಳಮ್ಮನ ಕೆಳಗೆ ಹಾಸಿದ, ಸೋರೆಬುರುಡೆಯ ನೀರು ಕುಡಿಸಿದ. ಪೆಟ್ಟಿಗೆಯ ಹತ್ತಿರ ಬಂದವನು ಕೈ ಹಿಂತೆಗೆದ.

“ನಿಮ್ ದ್ಯಾವ್ರ ನಾನು ಮುಟ್ಬೌದಾ ಅವ್ವ?”

“ಮುಟ್ಟಪ್ಪಾ. ಆವತ್ತು ಬಾಲಯೇಸುನ ನೋಡಕ್ಕೂ ಮೊದ್ಲು ಬಂದೋರು ಕುರಿ ಕಾಯೋರೇಯ,” ಎಂದಳು ಮದಲೇನಮ್ಮ.

ಬೀರಯ್ಯ ಪೆಟ್ಟಿಗೆಯನ್ನು ಎತ್ತಿ ಎದೆಗವಚಿಕೊಂಡು ನಿಂತ. ಮುದುಕಿ ಎದ್ದು ಬಂದು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ನೀವಿದಳು. ಅದೇ ಗಳಿಗೆಯಲ್ಲಿ, ಅದೇ ಕಂಬಳಿಯ ಮೇಲೆ, ಕುರಿಗಳು ಸುತ್ತ ನಿಂತಿರಲು ಮಗು ಹುಟ್ಟಿತು ಎಂದು ಕೆಲವರು ಹೇಳುತ್ತಾರೆ. ಕಥೆಗೆ ಅದು ಸೊಗಸು, ನನಗೂ ಗೊತ್ತು. ಆದರೆ ನಮ್ಮ ಮನೆಯ ಹಿರಿಯ ಹೆಂಗಸರು ಯಾರೂ ಅದನ್ನು ಒಪ್ಪಿದವರಲ್ಲ. ಹೊರೆ ಇಳಿದ ಮೇಲೆ ನೋವು ಮೆಲ್ಲಮೆಲ್ಲಗೆ ತಗ್ಗಿತು, ಬಿಸಿಲು ಇಳಿಮುಖವಾಗುವ ತನಕ ಅರುಳಮ್ಮ ಅಲ್ಲೇ ನಿದ್ದೆ ಮಾಡಿದಳು, ಅಷ್ಟೇ ಎನ್ನುತ್ತಾರೆ. ನನಗೆ ಆ ನಿದ್ದೆಯೇ ಸಾಕು. ದಣಿದ ಬಸುರಿ ನಿಶ್ಚಿಂತೆಯಿಂದ ನಿದ್ದೆಹೋದದ್ದಕ್ಕಿಂತ ದೊಡ್ಡ ಪವಾಡ ಇನ್ನೇನು ಬೇಕು? ಎದ್ದ ಮೇಲೆ ಮೂವರೂ ಗುಡ್ಡ ಇಳಿದರು. ಪೆಟ್ಟಿಗೆ ಬೀರಯ್ಯನ ಹೆಗಲಲ್ಲಿತ್ತು, ಕುರಿಗಳು ಹಿಂದೆ ಬರುತ್ತಿದ್ದವು. ಇಬ್ಬರೇ ನಡೆಯಬೇಕೆಂಬ ಕಟ್ಟಳೆ ಅಂದಿಗೆ ಮುಗಿಯಿತು.

ಕೊಂಬಿನಪಾಳ್ಯದ ಗುಡಿಯಂಗಳದಲ್ಲಿ ಹಿರಿಯರು ಸೇರಿ ಚರ್ಚೆಗಿಳಿದರು. ತಾಯಿ ನೆಲ ಮುಟ್ಟಿದಳೋ ಇಲ್ಲವೋ, ಮುದುಕಿಯ ಬೆನ್ನು ನೆಲದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಹರಕೆ ಸಂದಿತೋ ಇಲ್ಲವೋ ಎಂದು ವಾದ ಕಾವೇರಿತು. ಇಂಥದ್ದರಲ್ಲಿ ನಮ್ಮ ಊರನ್ನು ಮೀರಿಸುವವರಿಲ್ಲ. ಬೇರೆ ದಿನವಾಗಿದ್ದರೆ ಆ ವಾದದಲ್ಲಿ ಎಲ್ಲರಿಗಿಂತ ಮುಂದೆ ಇರಬೇಕಾಗಿದ್ದವಳು ಮದಲೇನಮ್ಮನೇ. ಆಕೆ ಸೊಸೆಯನ್ನು ಜಗಲಿಯ ಮೇಲೆ ಕೂರಿಸಿ, ಊದಿದ ಪಾದಗಳಿಗೆ ಬಿಸಿನೀರು ಹಾಕುತ್ತ ಕೂತಿದ್ದಳು. ನೀನೇ ಹೇಳಮ್ಮ ಎಂದು ಸ್ವಾಮಿಗಳು ಕೇಳಿದಾಗ ತಲೆಯೆತ್ತಿದಳು.

“ಬೆತ್ಲೆಹೇಮಿನೋರು ಬಾಗ್ಲು ತೆಗೀನಿಲ್ಲ ಅಂತ ವರ್ಸ ವರ್ಸವೂ ಅಳ್ತಿದ್ದೆ ಸ್ವಾಮಿ. ಬಾಗ್ಲು ಹಾಕ್ಕೊಂಡು ಕುಂತಿದ್ದೋಳು ನಾನೇಯ. ಬಸುರಿ ನಮ್ಮನೇಲೇ ಇದ್ಲು.”

ಸಂಜೆಯ ಪ್ರಾರ್ಥನೆ ಮುಗಿಸಿ ಬಂದಿದ್ದ ಸ್ವಾಮಿಗಳು ಗುಲಾಬಿ ಉಡುಪನ್ನು ಇನ್ನೂ ತೆಗೆದಿರಲಿಲ್ಲ. ಹಾಗೇ ಬಂದು ಬಿಸಿನೀರಿನ ಚೆಂಬನ್ನು ಆಕೆಯ ಕೈಗೆ ಎತ್ತಿಕೊಟ್ಟರು ಎನ್ನುತ್ತಾರೆ.

ಹಬ್ಬ ಕಳೆದು, ಕಜ್ಜಾಯದ ಡಬ್ಬಿ ತಳ ಕಾಣುವ ಹೊತ್ತಿಗೆ ಅರುಳಮ್ಮನಿಗೆ ಹೆಣ್ಣುಮಗು ಹುಟ್ಟಿತು. ಗಟ್ಟಿ ಗಂಟಲಿನ ಮಗು. ಬೇರೆ ಹೆಸರು ಹುಡುಕುವ ಗೋಜಿಲ್ಲದೆ ಮದಲೇನಮ್ಮ ಎಂದೇ ಕರೆದರು. ಪಾದ ವಾಸಿಯಾದ ಇನ್ನಾಸಪ್ಪ ಗುಡ್ಡದ ನೆತ್ತಿಯಲ್ಲಿ ಹೊರೆಗಲ್ಲು ನಿಲ್ಲಿಸುತ್ತೇನೆ ಎಂದಾಗ ಎಲ್ಲರೂ ಎದೆಯೆತ್ತರದ ಕಲ್ಲನ್ನೇ ಎಣಿಸಿದ್ದರು. ಎತ್ತರ ಹೇಳಿದವಳು ಅರುಳಮ್ಮ. ನನಗೆ ಸಿಕ್ಕ ಎತ್ತರವೇ ಇರಲಿ, ಬೇರೆ ಬೇಡ ಎಂದಳಂತೆ. ಇನ್ನಾಸಪ್ಪ ಅವ್ವನನ್ನು ಅಂಗಳದಲ್ಲಿ ಮತ್ತೆ ಬಾಗಿ ನಿಲ್ಲಿಸಿ, ನೆಲದಿಂದ ಬೆನ್ನಿಗೆ ಹಗ್ಗ ಹಿಡಿದು ಅಳತೆ ತೆಗೆದುಕೊಂಡ. ಮಗ ಅಳತೆ ಮಾಡುವಷ್ಟು ಹೊತ್ತೂ ಆಕೆ ಅವನನ್ನು ಬೈಯುತ್ತಲೇ ಇದ್ದಳು, ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಬಿದ್ದುಬಿದ್ದು ನಗುತ್ತಿದ್ದಳು.

ಆ ಗಟ್ಟಿ ಗಂಟಲಿನ ಮಗುವಿನ ಸಂತತಿಯವನು ನಾನು. ಆಗಮನ ಕಾಲ ಬಂದಾಗಲೆಲ್ಲ ಆ ಬಾಗಿದ ಬೆನ್ನನ್ನು ನೆನೆದು ಕೈ ಮುಗಿಯುತ್ತೇನೆ. ಅದು ಬಾಗದೆ ನೆಟ್ಟಗೇ ನಿಂತಿದ್ದರೆ ಇದನ್ನು ಬರೆಯುವ ಕೈ ಇರುತ್ತಿರಲಿಲ್ಲ. ಖಾಲಿ ಗೋದಲಿಯ ಮುಂದೆ ಕೂತಾಗ ಬೇರೆಯವರಿಗೆ ಏನೇನು ಕಾಣುತ್ತದೋ ತಿಳಿಯದು. ನನಗೆ ಬೇಲದ ಮರದ ಕೆಳಗೆ ನಿದ್ದೆಹೋದ ಒಬ್ಬ ಹೆಂಗಸು ಕಾಣುತ್ತಾಳೆ.

ಈಗ ಗುಡ್ಡವನ್ನು ಬಳಸಿ ಟಾರು ರಸ್ತೆಯಾಗಿದೆ, ಬಸ್ಸು ಓಡಾಡುತ್ತದೆ. ಕಾಲುದಾರಿಯ ತುಂಬ ಲಂಟಾನ ಬೆಳೆದಿದೆ. ಆದರೂ ಮೂರನೆಯ ಭಾನುವಾರಕ್ಕೆ ಮುಂಚೆ ಎರಡೂ ಊರಿನವರು ಕುಡುಗೋಲು ಹಿಡಿದು ದಾರಿ ಬಿಡಿಸುತ್ತಾರೆ, ನಡೆಯುವ ತಾಯಿ ನಡೆದೇ ಬರುತ್ತಾಳೆ. ಇಬ್ಬರಲ್ಲ, ಬೇಕಾದವರೆಲ್ಲ ಜೊತೆಗಿರುತ್ತಾರೆ. ಬೀರಯ್ಯನ ಮನೆತನದವರು ಕಂಬಳಿ ತರುತ್ತಾರೆ. ಅತ್ತೆಬೆನ್ನಿನ ಹತ್ತಿರ ಪೆಟ್ಟಿಗೆಯನ್ನು ಇಳಿಸುತ್ತಾರೆ. ಕಲ್ಲು ಅಷ್ಟು ತಗ್ಗಾಗಿರುವುದರಿಂದ ಹೊತ್ತವರು ಒಬ್ಬರೇ ಇಳಿಸಲಾರರು. ಪಕ್ಕದವರು ಬಾಗಿ ಕೈ ಕೊಡಲೇಬೇಕು. ಆಮೇಲೆ ಪೆಟ್ಟಿಗೆಯನ್ನು ಒಂದು ತುದಿಗೆ ಸರಿಸಿ, ಉಳಿದ ಜಾಗದಲ್ಲಿ ಆ ವರ್ಷದ ಬಸುರಿಯರನ್ನು ಕೂರಿಸುತ್ತಾರೆ. ಎಷ್ಟೋ ತಲೆಮಾರು ಕೂತು ಚಪ್ಪಡಿಯ ಆ ಭಾಗ ನುಣುಪಾಗಿದೆ. ಮೊದಲ ವರ್ಷ ನಕ್ಕ ಅಳಿಯಂದಿರೂ ಬಸುರಿ ಹೆಂಡತಿಯ ಕೈ ಹಿಡಿದು ಏದುಸಿರು ಬಿಡುತ್ತ ಗುಡ್ಡ ಹತ್ತಿಬರುತ್ತಾರೆ, ಎಲ್ಲರಿಗಿಂತ ಮೊದಲು ಓಡಿ ಕಂಬಳಿ ಹಾಸುತ್ತಾರೆ, ಅವಳು ಕಾಲು ಇಳಿಬಿಟ್ಟು ಕೂತು ಉಸಿರು ಬಿಡುವುದನ್ನು ನೋಡುತ್ತ ನಿಲ್ಲುತ್ತಾರೆ. ಕಲ್ಲಿನ ಎತ್ತರ ಸರಿಯಾಗಿಯೇ ಇದೆ ಎಂದು ಆಗ ಅವರಿಗೆ ಯಾರೂ ಹೇಳಬೇಕಾಗುವುದಿಲ್ಲ.